ಬೇರೆ ಬೇರೆ ದೇಶಗಳ ರಿಫಾರ್ಮ್ಡ್ ಸಭೆಗಳ ನಡುವೆ ಅನ್ಯೋನ್ಯತೆಯನ್ನು ಕಾಪಾಡಿಕೊಳ್ಳುವ ಬಗೆ

ಒಂದು ದೇಶದ ರಿಫಾರ್ಮ್ಡ್ ಸಭೆ (ಕ್ಯಾಲ್ವಿನನ ಪರಂಪರೆಯ ಪ್ರಾಟೆಸ್ಟೆಂಟ್ ಕ್ರೈಸ್ತ ಸಭೆ) ಇನ್ನೊಂದು ದೇಶದ ಸಭೆಯನ್ನು ಸಹೋದರಿ ಸಭೆಯೆಂದು ಅಂಗೀಕರಿಸಲು ಸಿನೋಡಿನ, ಅಂದರೆ ಸಭೆಗಳ ಪ್ರತಿನಿಧಿಗಳ ಕೂಟದ, ಒಂದು ನಿರ್ಣಯ ಸಾಕು. ಆ ಸಂಬಂಧವನ್ನು ದಶಕಗಳ ಕಾಲ ಉಳಿಸಿಕೊಳ್ಳುವುದು ಮಾತ್ರ ಪತ್ರವ್ಯವಹಾರ, ನಡವಳಿಗಳ ವಿನಿಮಯ, ಪರಸ್ಪರ ಭೇಟಿ ಮತ್ತು ಸಕಾಲದಲ್ಲಿ ಆಡಿದ ನಿಷ್ಠುರ ಮಾತುಗಳಿಂದ ಸಾಧ್ಯವಾಗುವ ಕೆಲಸ. ಯಾವ ಸಭೆಯೂ ಇನ್ನೊಂದರ ಮೇಲೆ ದೊರೆತನ ನಡೆಸಬಾರದೆಂದು ಡಚ್ ಸಭೆಗಳ 1571ರ ಎಂಡೆನ್ ಸಿನೋಡ್ ತನ್ನ ಮೊದಲ ವಿಧಿಯಲ್ಲೇ ಹೇಳಿತು. ಆಜ್ಞೆ ಹೊರಡಿಸುವ ಜಾಗತಿಕ ಪೀಠವಿಲ್ಲದ ಪರಂಪರೆಯಲ್ಲಿ ಪರಸ್ಪರ ಒಪ್ಪಿಗೆಯೊಂದೇ ಆಧಾರ. ಆ ಒಪ್ಪಿಗೆಯನ್ನು ಜೀವಂತವಾಗಿ ಇಡುವ ಹೊಣೆ ಪ್ರತಿಯೊಂದು ಸಭೆಯ ಬಾಹ್ಯಸಂಬಂಧ ಸಮಿತಿಯದು.

ಮೊದಲು ವಿಶ್ವಾಸಪ್ರಮಾಣಗಳನ್ನು, ಅಂದರೆ ಸಭೆ ತನ್ನ ನಂಬಿಕೆಯನ್ನು ಬರೆದಿಟ್ಟ ಪಠ್ಯಗಳನ್ನು, ನೋಡಬೇಕು. ಡಚ್ ಮೂಲದ ಸಭೆಗಳು ಬೆಲ್ಜಿಕ್ ವಿಶ್ವಾಸಪ್ರಮಾಣ, ಹೈಡೆಲ್‌ಬರ್ಗ್ ಪ್ರಶ್ನೋತ್ತರಮಾಲೆ ಮತ್ತು ಡಾರ್ಟ್ ನಿಯಮಗಳಿಗೆ ಸಹಿ ಹಾಕುತ್ತವೆ; ಸ್ಕಾಟ್ಲೆಂಡಿನ ಪ್ರೆಸ್ಬಿಟೀರಿಯನ್ ಮೂಲದವು ವೆಸ್ಟ್‌ಮಿನ್‌ಸ್ಟರ್ ಪ್ರಮಾಣಗಳಿಗೆ. 1982ರಲ್ಲಿ ನೆದರ್ಲೆಂಡ್ಸಿನ ಗ್ರೋನಿಂಗೆನ್‌ನಲ್ಲಿ ರೂಪುಗೊಂಡ ರಿಫಾರ್ಮ್ಡ್ ಸಭೆಗಳ ಅಂತರರಾಷ್ಟ್ರೀಯ ಸಮ್ಮೇಳನ ಈ ಎರಡೂ ಗುಂಪುಗಳನ್ನು ತನ್ನ ತಳಹದಿಯಾಗಿ ಸ್ವೀಕರಿಸಿದೆ. 2010ರಲ್ಲಿ ಹುಟ್ಟಿದ ರಿಫಾರ್ಮ್ಡ್ ಸಭೆಗಳ ಜಾಗತಿಕ ಒಕ್ಕೂಟದ ಅಂಗಳ ಇದಕ್ಕಿಂತ ಬಹಳ ವಿಶಾಲ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಸೇವೆಯಿಂದ ಬೆಳೆದ ಕರಾವಳಿಯ ಸಭೆಗಳು ಇಂದು ಸೇರಿರುವ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕೂಡ ಅದರ ಸದಸ್ಯ. ಎದುರಿನ ಸಭೆ ಯಾವ ಅಂಗಳದಲ್ಲಿ ನಿಂತಿದೆಯೆಂಬುದನ್ನು ತಿಳಿಯದೆ ಪತ್ರ ಬರೆಯಬಾರದು. ಕಾಗದದ ಮೇಲಿನ ಪ್ರಮಾಣವನ್ನಷ್ಟೇ ನಂಬುವಂತೆಯೂ ಇಲ್ಲ: ಕರ್ತನ ಮೇಜಿಗೆ (ಪ್ರಭುಭೋಜನದ ಸಂಸ್ಕಾರಕ್ಕೆ) ಯಾರನ್ನು ಬರಗೊಡುತ್ತಾರೆ, ಸಭೆಯ ಹುದ್ದೆದಾರರಾದ ಹಿರಿಯರು ಮನೆಗಳನ್ನು ನಿಜವಾಗಿ ಸಂದರ್ಶಿಸುತ್ತಾರೆಯೇ, ಶಿಸ್ತುಕ್ರಮ ಬರಿಯ ಪುಸ್ತಕದಲ್ಲಿದೆಯೇ ಎಂಬುದನ್ನು ಕೆಲವು ಭಾನುವಾರಗಳಾದರೂ ಅಲ್ಲಿನ ಆರಾಧನೆಯಲ್ಲಿ ಕುಳಿತು ತಿಳಿದುಕೊಳ್ಳಬೇಕು.

ಎಲ್ಲಿಯವರೆಗೆ ಕೈಹಾಕಬಹುದೆಂಬುದಕ್ಕೆ ನೆದರ್ಲೆಂಡ್ಸಿನಲ್ಲಿ ನಡೆದ 1618–19ರ ಡಾರ್ಟ್ ಸಿನೋಡ್ ಇಂದಿಗೂ ಒಳ್ಳೆಯ ಮಾದರಿ. ಬ್ರಿಟನ್, ಪ್ಯಾಲಟಿನೇಟ್, ಹೆಸ್ಸೆ, ಜಿನೀವಾ, ಬ್ರೆಮೆನ್ ಮುಂತಾದೆಡೆಗಳ ಪ್ರತಿನಿಧಿಗಳು ಸಿದ್ಧಾಂತದ ಚರ್ಚೆಯಲ್ಲಿ ಪೂರ್ಣವಾಗಿ ಭಾಗವಹಿಸಿದರು. ಅರಸನ ಅಪ್ಪಣೆ ದೊರೆಯದ ಫ್ರಾನ್ಸಿನವರಿಗಾಗಿ ಆಸನಗಳನ್ನು ಖಾಲಿಯಾಗಿಯೇ ಇರಿಸಲಾಗಿತ್ತು. ಆದರೆ ಡಚ್ ಸಭೆಗಳ ಆಡಳಿತ ನಿಯಮಾವಳಿ ಚರ್ಚೆಗೆ ಬರುವ ಮುನ್ನ, 1619ರ ಮೇ ತಿಂಗಳಲ್ಲಿ, ವಿದೇಶೀಯರು ಬೀಳ್ಕೊಡುಗೆ ಪಡೆದು ಹೊರಟಿದ್ದರು. ಅಪ್ರಧಾನ ವಿಷಯಗಳಲ್ಲಿ ಮಾತ್ರ ಭಿನ್ನವಾಗಿರುವ ಪರದೇಶದ ಸಭೆಗಳನ್ನು ತಿರಸ್ಕರಿಸಬಾರದೆಂದು ಅದೇ ನಿಯಮಾವಳಿ ಹೇಳುತ್ತದೆ. ಆರಾಧನೆಯಲ್ಲಿ ಬೈಬಲಿನ ಕೀರ್ತನೆಗಳನ್ನು ಮಾತ್ರ ಹಾಡುವುದು, ಹಿರಿಯರನ್ನು ನಿಗದಿತ ಅವಧಿಗೆ ಇಲ್ಲವೇ ಜೀವಮಾನಕ್ಕೆ ನೇಮಿಸುವುದು ಮೊದಲಾದ ಭೇದಗಳನ್ನು ಕೇಳಿ ತಿಳಿಯಬೇಕೇ ಹೊರತು ತಿದ್ದಲು ಹೊರಡಬಾರದು.

ಒಪ್ಪಂದದ ನಿಯಮಗಳು ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಸಿನೋಡಿನ ನಡವಳಿಗಳನ್ನು ಕಳುಹಿಸುವುದು, ವಿಶ್ವಾಸಪ್ರಮಾಣವನ್ನು ಬದಲಿಸುವ ಮುನ್ನ ಪರಸ್ಪರ ವಿಚಾರಿಸುವುದು, ಮೂರನೆಯ ಸಭೆಯೊಡನೆ ಸಂಬಂಧ ಬೆಳೆಸಿದರೆ ತಿಳಿಸುವುದು, ಬೋಧಕರಿಗೆ ಪ್ರಸಂಗಪೀಠ ತೆರೆದಿಡುವುದು, ಸದಸ್ಯರ ಸಾಕ್ಷಿಪತ್ರಗಳನ್ನು ಮಾನ್ಯ ಮಾಡುವುದು ಇದ್ದರೆ ಸಾಕು. ಇವುಗಳಲ್ಲಿ ಜನಸಾಮಾನ್ಯರ ಬದುಕನ್ನು ನೇರವಾಗಿ ಮುಟ್ಟುವುದು ಸಾಕ್ಷಿಪತ್ರವೇ. ಕೆಲಸಕ್ಕಾಗಿ ಬೇರೆ ದೇಶಕ್ಕೆ ಹೋಗುವ ಕುಟುಂಬದ ಕೈಯಲ್ಲಿ ಪ್ರತಿಯೊಬ್ಬರ ಹೆಸರು, ದೀಕ್ಷಾಸ್ನಾನದ ದಿನ, ವಿಶ್ವಾಸದ ಬಹಿರಂಗ ಅರಿಕೆ ಮಾಡಿದ ದಿನ, ಬೋಧನೆಯಲ್ಲೂ ನಡತೆಯಲ್ಲೂ ದೋಷವಿಲ್ಲವೆಂಬ ಮಾತು ಮತ್ತು ಹಿರಿಯರ ಸಹಿ ಇರುವ ಪತ್ರವಿದ್ದರೆ ಅಲ್ಲಿನ ಹಿರಿಯರು ಅವರನ್ನು ಅಪರಿಚಿತರಂತೆ ವಿಚಾರಣೆಗೆ ಒಳಪಡಿಸಬೇಕಾಗಿಲ್ಲ. ಪತ್ರವನ್ನು ಕುಟುಂಬದ ಕೈಗೆ ಕೊಡುವುದರ ಜೊತೆಗೆ ಒಂದು ಪ್ರತಿಯನ್ನು ಆ ಸಭೆಗೆ ನೇರವಾಗಿ ಕಳುಹಿಸಬೇಕು. ತಲುಪಿತೆಂಬ ಉತ್ತರ ಬರುವವರೆಗೆ ಅವರ ಹೆಸರನ್ನು ಸದಸ್ಯರ ಪಟ್ಟಿಯಿಂದ ತೆಗೆಯಬಾರದು.

ನಡವಳಿಗಳ ವಿಷಯದಲ್ಲಿ ಭಾಷೆಯೇ ದೊಡ್ಡ ತೊಡಕು. ಡಚ್ ಅಥವಾ ಕೊರಿಯನ್ ಭಾಷೆಯ ದಪ್ಪ ಸಂಪುಟವನ್ನು ಹಾಗೆಯೇ ರವಾನಿಸಿದರೆ ಅದು ಕಪಾಟು ಸೇರುತ್ತದೆ. ಸಹೋದರಿ ಸಭೆಗಳಿಗೆ ಸಂಬಂಧಿಸಿದ ನಿರ್ಣಯಗಳನ್ನೂ ಅವುಗಳ ಕಾರಣಗಳನ್ನೂ ಎರಡೂ ಕಡೆಯವರು ಬಲ್ಲ ಭಾಷೆಯಲ್ಲಿ ನಾಲ್ಕಾರು ಪುಟಗಳಿಗೆ ಇಳಿಸಿ, ಸಿನೋಡ್ ಮುಗಿದ ಕೆಲವೇ ವಾರಗಳಲ್ಲಿ ಕಳುಹಿಸಬೇಕು. ಇತ್ತ ಪ್ರತಿಯೊಂದು ಸಹೋದರಿ ಸಭೆಗೂ ಒಬ್ಬ ಸಮಿತಿ ಸದಸ್ಯರನ್ನು ಗೊತ್ತುಮಾಡಿ, ಓದುವ ಹೊಣೆಯನ್ನು ಹೆಸರಿನ ಸಮೇತ ಒಪ್ಪಿಸಬೇಕು; ಎಲ್ಲರೂ ಓದುತ್ತಾರೆಂದರೆ ಯಾರೂ ಓದುವುದಿಲ್ಲ. ಪ್ರತಿನಿಧಿಯಾಗಿ ಹೋದವರು ಶುಭಾಶಯದ ಭಾಷಣಕ್ಕೇ ತೃಪ್ತರಾಗದೆ, ಸಲಹೆಗಾರರಾಗಿ ಮಾತಾಡುವ ಅವಕಾಶವನ್ನು ಬಳಸಿಕೊಳ್ಳಬೇಕು.

ಹಣದ ನೆರವನ್ನು ಈ ಸಂಬಂಧದಿಂದ ದೂರವಿಡುವುದು ಲೇಸು. ಬಡ ಸಭೆಯ ಪ್ರತಿನಿಧಿಯ ಪ್ರಯಾಣದ ವೆಚ್ಚವನ್ನು ಶ್ರೀಮಂತ ಸಭೆ ಭರಿಸುವುದು ನ್ಯಾಯವೇ. ಆದರೆ ಅನುದಾನವನ್ನು ನಿರ್ಧರಿಸುವ ವ್ಯಕ್ತಿಯೇ ಸಿದ್ಧಾಂತದ ಪ್ರಶ್ನೆಗಳನ್ನೂ ಕೇಳಿದರೆ ಪ್ರಾಮಾಣಿಕ ಉತ್ತರವನ್ನು ನಿರೀಕ್ಷಿಸುವಂತಿಲ್ಲ.

ಸಹೋದರಿ ಸಭೆ ದಾರಿ ಬದಲಿಸುತ್ತಿದೆ ಎನಿಸಿದಾಗ ಮೌನವಾಗಿರುವುದು ಸೌಜನ್ಯವಲ್ಲ. ನೆದರ್ಲೆಂಡ್ಸಿನ ವಿಮುಕ್ತ (ಮೂಲ ಸಭೆಯಿಂದ ಬೇರ್ಪಟ್ಟ) ರಿಫಾರ್ಮ್ಡ್ ಸಭೆಗಳ ವಿಷಯದಲ್ಲಿ ಕೆನಡಾದ ರಿಫಾರ್ಮ್ಡ್ ಸಭೆಗಳು 2013ರಲ್ಲಿ ಎಚ್ಚರಿಕೆಯ ಪತ್ರ ಬರೆದವು, 2016ರಲ್ಲಿ ಸಾಕ್ಷಿಪತ್ರ ಹಾಗೂ ಪ್ರಸಂಗಪೀಠದ ನಿಯಮಗಳನ್ನು ತಾತ್ಕಾಲಿಕವಾಗಿ ತಡೆಹಿಡಿದವು, 2019ರಲ್ಲಷ್ಟೇ ಸಂಬಂಧವನ್ನು ಕೊನೆಗೊಳಿಸಿದವು. ಈ ನಡುವೆ, 2017ರಲ್ಲಿ, ಡಚ್ ಸಿನೋಡ್ ಎಲ್ಲ ಸಭಾಹುದ್ದೆಗಳನ್ನೂ ಸ್ತ್ರೀಯರಿಗೆ ತೆರೆದಿತ್ತು. ಅಂತರರಾಷ್ಟ್ರೀಯ ಸಮ್ಮೇಳನವು ಅದೇ ವರ್ಷ ಅವರ ಸದಸ್ಯತ್ವವನ್ನು ಅಮಾನತಿನಲ್ಲಿಟ್ಟು, 2022ರಲ್ಲಿ ನಮೀಬಿಯದ ವಿಂಡ್‌ಹುಕ್‌ನಲ್ಲಿ ರದ್ದುಪಡಿಸಿತು. ಆ ತೀರ್ಪನ್ನು ಒಪ್ಪದವರಿಗೂ ಅದರ ಕ್ರಮದಿಂದ ಕಲಿಯಲಿಕ್ಕಿದೆ: ಮೊದಲು ಪತ್ರ, ಬಳಿಕ ಮುಖಾಮುಖಿ ಮಾತುಕತೆ, ಆಮೇಲೆ ಭಾಗಶಃ ತಡೆ, ಕೊನೆಗೆ ವಿಚ್ಛೇದನ, ಮತ್ತು ಪ್ರತಿ ಹಂತದಲ್ಲೂ ಉತ್ತರಕ್ಕೆ ಕಾಲಾವಕಾಶ.

ತಡೆ ಹಾಕುವ ನಿರ್ಣಯದಲ್ಲಿ ಮರಳಿ ಬರುವ ದಾರಿಯನ್ನೂ ಬರೆದಿಡಬೇಕು. 1982ರಲ್ಲಿ ಒಟ್ಟಾವಾದಲ್ಲಿ ಸೇರಿದ ರಿಫಾರ್ಮ್ಡ್ ಸಭೆಗಳ ಜಾಗತಿಕ ಮೈತ್ರಿಕೂಟವು (ಮೇಲೆ ಹೇಳಿದ ಜಾಗತಿಕ ಒಕ್ಕೂಟದ ಪೂರ್ವರೂಪ) ವರ್ಣಭೇದ ನೀತಿಗೆ ದೇವಶಾಸ್ತ್ರದ ಸಮರ್ಥನೆ ಕೊಡುವುದನ್ನು ದುರ್ಬೋಧನೆಯೆಂದು ಸಾರಿ, ದಕ್ಷಿಣ ಆಫ್ರಿಕದ ಎರಡು ಬಿಳಿಯರ ಸಭೆಗಳ ಸದಸ್ಯತ್ವವನ್ನು ಅಮಾನತುಗೊಳಿಸಿತು. ಕರಿಯ ವಿಶ್ವಾಸಿಗಳನ್ನು ಆರಾಧನೆಯಿಂದಲೂ ಕರ್ತನ ಮೇಜಿನಿಂದಲೂ ಹೊರಗಿಡುವುದನ್ನು ನಿಲ್ಲಿಸಬೇಕು, ನೊಂದವರಿಗೆ ಕಾರ್ಯರೂಪದ ನೆರವು ನೀಡಬೇಕು, ವರ್ಣಭೇದವನ್ನು ಸಿನೋಡಿನ ನಿರ್ಣಯದ ಮೂಲಕ ನಿಸ್ಸಂದಿಗ್ಧವಾಗಿ ತಿರಸ್ಕರಿಸಬೇಕು ಎಂಬ ಮೂರು ಷರತ್ತುಗಳು ಅದರಲ್ಲಿದ್ದವು. ಆ ಎರಡರಲ್ಲಿ ದೊಡ್ಡದಾದ ಡಚ್ ರಿಫಾರ್ಮ್ಡ್ ಸಭೆ 1990ರ ದಶಕದ ಕೊನೆಯ ಹೊತ್ತಿಗೆ ಮರಳಿ ಸೇರಲು ಮುಂದಾದಾಗ, ಅದರಿಂದ ಏನನ್ನು ಕೇಳಬೇಕೆಂಬ ಚರ್ಚೆಯನ್ನು ಹೊಸದಾಗಿ ಆರಂಭಿಸಬೇಕಾದ ಪ್ರಮೇಯ ಬರಲಿಲ್ಲ.