ಮರಿ ಶೆಡ್ಡಿಗೆ ಬರುವ ಮೊದಲೇ

ಐದನೆಯ ದಿನ ಸತ್ತ ಕೋಳಿಮರಿಯೊಂದನ್ನು ಕೊಯ್ದು ನೋಡಿದಾಗ ಹೊಟ್ಟೆಯೊಳಗೆ ಮೊಟ್ಟೆಯ ಹಳದಿಯ ಗೋಲಿ ಗಾತ್ರದ ಚೀಲ ಹಾಗೆಯೇ ಉಳಿದಿತ್ತು. ಹಸಿರು ಬಣ್ಣಕ್ಕೆ ತಿರುಗಿ ನಾರುತ್ತಿತ್ತು. ಮೊಟ್ಟೆಯೊಡೆದು ಬರುವ ಮರಿ ಹೊಟ್ಟೆಯಲ್ಲಿ ಕಟ್ಟಿಕೊಂಡು ಬರುವ ಬುತ್ತಿ ಅದು. ಐದು ದಿನಕ್ಕೆ ಹೆಚ್ಚುಕಡಿಮೆ ಕರಗಿಹೋಗಿರಬೇಕಾಗಿತ್ತು.

ಚನ್ನರಾಯಪಟ್ಟಣದ ಕಡೆ, ತೆಂಗಿನ ತೋಟದ ಅಂಚಿನಲ್ಲಿ ನನ್ನದೊಂದು ಶೆಡ್ ಇದೆ. ಒಂದು ಬ್ಯಾಚಿಗೆ 4,500 ಬ್ರಾಯ್ಲರ್ ಮರಿ. ಮರಿ, ಮೇವು, ಔಷಧಿ ಎಲ್ಲವೂ ಕಂಪನಿಯದು; ಶೆಡ್ಡು, ಕರೆಂಟು, ಮೈ ಬೆವರು ನನ್ನದು. ಸಾಕಿದ್ದಕ್ಕೆ ಕೆ.ಜಿ. ಲೆಕ್ಕದಲ್ಲಿ ಕೂಲಿ. ತೂಕ ಕಡಿಮೆಯಾದರೆ ಅಥವಾ ಮೇವು ಹೆಚ್ಚು ಖರ್ಚಾದರೆ ಕಡಿತವಾಗುವುದು ನನ್ನ ಕೂಲಿಯೇ. ಹಾಗಾಗಿ ಏನು ಕೆಟ್ಟರೂ ತಪ್ಪು ನನ್ನದೇ ಎಂದು ವರ್ಷಗಟ್ಟಲೆ ನಂಬಿದ್ದೆ.

ಆ ಸತ್ತ ಮರಿ ಬಂದಿದ್ದ ಜನವರಿಯ ಬ್ಯಾಚಿನಲ್ಲಿ 3,000 ಮರಿ ಸಂಜೆಗೇ ಬಂದವು. ಉಳಿದ 1,500 ಮರಿಗಳಿದ್ದ ಗಾಡಿ ದಾರಿಯಲ್ಲಿ ಕೆಟ್ಟು, ಮರುದಿನ ರಾತ್ರಿ ತಲುಪಿತು. ಅಲ್ಲಿಯ ತನಕ ಅವಕ್ಕೆ ಉಪವಾಸವೇ. ಎರಡೂ ಒಂದೇ ಹ್ಯಾಚರಿಯ (ಯಂತ್ರದಲ್ಲಿ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಕೇಂದ್ರ), ಒಂದೇ ದಿನದ ಮರಿಗಳು. ಕಲೆಸುವುದು ಬೇಡವೆಂದು ನಡುವೆ ತಗಡಿನ ಅಡ್ಡ ಕಟ್ಟಿ ಬೇರೆ ಬೇರೆಯೇ ಬಿಟ್ಟೆ. ಮೇವು, ನೀರು, ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಎಲ್ಲವೂ ಒಂದೇ. ಏಳನೆಯ ದಿನ ತೂಗಿದರೆ ಮೊದಲ ಗುಂಪು ಸರಾಸರಿ 180 ಗ್ರಾಂ, ಎರಡನೆಯದು 145. ಸತ್ತ ಮರಿಗಳಲ್ಲಿ ಹೆಚ್ಚಿನವು ಆ ಎರಡನೆಯ ಗುಂಪಿನವೇ. ಮೂರನೆಯ ವಾರ ಆ ಕಡೆಯ ಹಿಕ್ಕೆಯಲ್ಲಿ ಜೀರ್ಣವಾಗದ ಜೋಳದ ನುಚ್ಚು ಕಾಣುತ್ತಿತ್ತು, ಹೊಟ್ಟು ಒದ್ದೆಯಾಗಿ ಗಟ್ಟಿ ಹೆಪ್ಪಾಗುತ್ತಿತ್ತು. 42 ದಿನಕ್ಕೆ ಮೊದಲ ಗುಂಪು 2.2 ಕೆ.ಜಿ. ತೂಗಿದರೆ ಎರಡನೆಯದು ಎರಡು ಕೆ.ಜಿ.ಯನ್ನೂ ಮುಟ್ಟಲಿಲ್ಲ. ಅದರಲ್ಲೂ ಒಂದು ಆನೆ, ಒಂದು ಇಲಿ. ಗಾಡಿಯಲ್ಲಿ ಚಳಿಯೂ ಹೊಡೆದಿತ್ತು, ಎಲ್ಲವನ್ನೂ ಹಸಿವಿನ ತಲೆಗೇ ಕಟ್ಟಲಾರೆ.

ಪರಿಚಯದ ಪಶುವೈದ್ಯರೊಬ್ಬರು ಬಿಡಿಸಿ ಹೇಳಿದ ಮೇಲೆ ವಿಷಯ ತಲೆಗೆ ಹೋಯಿತು. ಮೊಟ್ಟೆಗಳಿಗೆ 21 ದಿನದ ಕಾವು. ಆದರೆ ಯಂತ್ರದಲ್ಲಿ ಎಲ್ಲವೂ ಒಂದೇ ಗಳಿಗೆಯಲ್ಲಿ ಒಡೆಯುವುದಿಲ್ಲ. ಮೊದಲ ಮರಿಗೂ ಕೊನೆಯ ಮರಿಗೂ ನಡುವೆ 24ರಿಂದ 36 ಗಂಟೆ ಅಂತರವಿರಬಹುದು. ಕೊನೆಯವು ಒಣಗುವ ತನಕ ಮೊದಲಿನವು ಅಲ್ಲೇ ಕಾಯುತ್ತವೆ. ಆಮೇಲೆ ಎಣಿಕೆ, ಲಸಿಕೆ, ಪೆಟ್ಟಿಗೆ, ಪ್ರಯಾಣ. ನಮ್ಮ ಬಾಗಿಲಿಗೆ ಬಂದ 'ಒಂದು ದಿನದ ಮರಿ' ನಿಜವಾಗಿ ಎರಡು ದಿನ ಉಪವಾಸವಿದ್ದ ಮರಿಯಾಗಿರಬಹುದು.

ನಮ್ಮಜ್ಜಿಯ ಹೇಂಟೆಯೂ ಕೊನೆಯ ಮರಿ ಹೊರಬರುವ ತನಕ ಬುಟ್ಟಿ ಬಿಟ್ಟು ಏಳುತ್ತಿರಲಿಲ್ಲ, ಆ ಮರಿಗಳಿಗೇನೂ ಆಗುತ್ತಿರಲಿಲ್ಲವಲ್ಲ ಎಂದು ಕೇಳಿದೆ. ಹಳದಿ ಬುತ್ತಿ ಇರುವುದೇ ಅಂಥ ಕಾಯುವಿಕೆಗೆ, ಬದುಕಿ ಉಳಿಯುವುದಕ್ಕೆ ಸಾಕು ಎಂದರು. ಆದರೆ ಮೊದಲ ವಾರದಲ್ಲೇ ನಾಲ್ಕು ಪಟ್ಟು ಬೆಳೆಯಬೇಕಾದ ಬ್ರಾಯ್ಲರಿಗೆ ಉಳಿದರಷ್ಟೇ ಸಾಲದು. ಮರಿಯ ಕರುಳು ಅತಿ ವೇಗವಾಗಿ ಬೆಳೆಯುವುದು ಮೊದಲ ಕೆಲವು ದಿನಗಳಲ್ಲೇ. ಒಳಗೋಡೆಯಲ್ಲಿ ರೇಷ್ಮೆ ಎಳೆಯಂಥ ಕುಚ್ಚುಗಳು ಏಳುತ್ತವೆ, ಸತ್ವ ಹೀರುವುದು ಅವುಗಳ ಕೆಲಸ. ಮೇವು ಬಿದ್ದರೆ ಅವು ಬೇಗ ಏಳುತ್ತವೆ, ಹಳದಿಯೂ ಬೇಗ ಕರಗುತ್ತದೆ. ಹೇಂಟೆಯ ಹಿಂದೆ ತಿಪ್ಪೆ ಕೆದರುವ ಮರಿಗೆ ತಾಯಿಯಿಂದ ಒಳ್ಳೆಯ ಸೂಕ್ಷ್ಮಾಣುಗಳೂ ಸಿಗುತ್ತವೆ. ಯಂತ್ರದ ಮರಿಗೆ ತಾಯಿಯಿಲ್ಲ. ಹ್ಯಾಚರಿಯ ಗಾಳಿ, ಪೆಟ್ಟಿಗೆ, ನನ್ನ ಹೊಟ್ಟು, ಇವುಗಳಲ್ಲಿ ಏನಿದೆಯೋ ಅದೇ ಮೊದಲು ಕರುಳಿಗೆ ಹೋಗುತ್ತದೆ.

ಕಾವಿನ ಕಥೆ ಇನ್ನೊಂದು. ಮೊದಲ ದಿನಗಳಲ್ಲಿ ಯಂತ್ರ ಮೊಟ್ಟೆಗೆ ಬಿಸಿ ಕೊಡುತ್ತದೆ. ಕೊನೆಯ ವಾರದಲ್ಲಿ ಒಳಗಿನ ಮರಿಯೇ ಬಿಸಿ ಹುಟ್ಟಿಸುವುದರಿಂದ ಯಂತ್ರ ಅದನ್ನು ತಣಿಸಬೇಕು. ಮೊಟ್ಟೆಯ ಚಿಪ್ಪು 100 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿದ್ದರೆ ಸರಿ. 102 ದಾಟಿದರೆ ಮರಿ ಅವಸರದಲ್ಲಿ ಹೊರಬರುತ್ತದೆ, ಹಳದಿ ಪೂರ್ತಿ ಒಳಸೇರಿರುವುದಿಲ್ಲ, ಹೊಕ್ಕುಳ ಮುಚ್ಚಿರುವುದಿಲ್ಲ. ತೆರೆದ ಹೊಕ್ಕುಳವೆಂದರೆ ರೋಗಾಣುಗಳಿಗೆ ತೆರೆದ ಬಾಗಿಲು. ನಾನು ಕೊಯ್ದು ನೋಡಿದ್ದು ಅದನ್ನೇ.

ಹ್ಯಾಚರಿಯನ್ನು ನಾನು ತಿದ್ದಲಾರೆ. ನಮ್ಮಂಥವರು ಕೇಳಿದರೆ ಅಲ್ಲಿ ಫೋನೂ ಎತ್ತುವುದಿಲ್ಲ. ಆದರೆ ಗಾಡಿ ಡ್ರೈವರುಗಳು ಸುಳ್ಳು ಹೇಳುವುದಿಲ್ಲ. ಒಂದು ಲೋಟ ಚಹಾ ಕೊಟ್ಟು, ಮರಿ ತುಂಬಿದ್ದು ಎಷ್ಟು ಗಂಟೆಗೆ ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಆಮೇಲೆ ಪ್ರತಿ ಪೆಟ್ಟಿಗೆಯಿಂದ ಎರಡೆರಡು ಮರಿ ಎತ್ತಿ ಅಂಗಾತ ಹಿಡಿದು ನೋಡುತ್ತೇನೆ. ಹೊಕ್ಕುಳಲ್ಲಿ ಕಪ್ಪು ಗುಂಡಿಯಂಥದು ಅಥವಾ ದಾರದಂಥದು ನೇತಾಡುತ್ತಿದೆಯೇ, ಕಾಲಿನ ಗಂಟು ಕೆಂಪಾಗಿದೆಯೇ ಎಂದು. ಅದರ ಅಂಗಾಲನ್ನು ನನ್ನ ಕೆನ್ನೆಗೆ ಒತ್ತುತ್ತೇನೆ. ತಣ್ಣಗಿದ್ದರೆ ಆ ಮರಿ ಮೇವಿನತ್ತ ನಡೆಯುವುದಿಲ್ಲ, ಶೆಡ್ ಬೆಚ್ಚಗಿಡುವ ಬುಖಾರಿ ಒಲೆಯ ಬಳಿ ಮುದುರಿಕೊಳ್ಳುತ್ತದೆ. ಕೆಟ್ಟ ಹೊಕ್ಕುಳ ಹೆಚ್ಚು ಸಿಕ್ಕರೆ ಕಂಪನಿಯ ಸೂಪರ್‌ವೈಸರ್ ಎದುರಿಗೇ ಫೋಟೊ ತೆಗೆಯುತ್ತೇನೆ. ಮೊದಲ ವಾರದ ಸಾವಿನ ಲೆಕ್ಕ ಬಂದಾಗ ಮಾತು ನನ್ನ ಮೇಲೆ ತಿರುಗಬಾರದಲ್ಲ.

ಚಳಿಗಾಲದಲ್ಲಿ ಹಿಂದಿನ ದಿನವೇ ಬುಖಾರಿ ಹೊತ್ತಿಸುತ್ತೇನೆ. ಗಾಳಿ ಬೆಚ್ಚಗಾದರೆ ಸಾಲದು, ಹೊಟ್ಟಿನ ಮೇಲೆ ಥರ್ಮಾಮೀಟರ್ ಇಟ್ಟರೆ 30 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಮೊದಲೆಲ್ಲ ಮರಿ ಬಂದೊಡನೆ ಮೂರು ಗಂಟೆ ಬರೀ ಬೆಲ್ಲದ ನೀರು, ಆಮೇಲೆ ಮೇವು ಎಂಬ ಪದ್ಧತಿ ಇಟ್ಟುಕೊಂಡಿದ್ದೆ. ಉಪವಾಸ ಬಂದವರಿಗೆ ಮತ್ತೂ ಉಪವಾಸ! ಈಗ ಕಾಗದ ಹಾಸಿ ಅದರ ಮೇಲೆಯೇ ಮೇವು ಚೆಲ್ಲಿ, ಪಕ್ಕದಲ್ಲೇ ನೀರಿಟ್ಟು, ಆಮೇಲೆ ಪೆಟ್ಟಿಗೆ ಬಿಚ್ಚುತ್ತೇನೆ. ಕಾಗದದ ಮೇಲೆ ಮರಿ ಕಾಲಿಟ್ಟರೆ ಬರುವ ಸರಸರ ಸದ್ದಿಗೆ ಉಳಿದವೂ ಓಡಿಬರುತ್ತವೆ.

ಮರುದಿನ ಅದೇ ಹೊತ್ತಿಗೆ ನನ್ನ ಹೆಂಡತಿ ಮೂಲೆಮೂಲೆಯಿಂದ ಒಟ್ಟು ನೂರು ಮರಿ ಹಿಡಿದು, ಕತ್ತಿನ ಬುಡದ ಮೇವಿನ ಚೀಲವನ್ನು ಬೆರಳಿನಲ್ಲಿ ಮುಟ್ಟಿ ನೋಡುತ್ತಾಳೆ. ಗಂಜಿಯ ಹಾಗೆ ಮೆತ್ತಗಿದ್ದರೆ ಮೇವೂ ನೀರೂ ಎರಡೂ ಒಳಹೋಗಿವೆ ಎಂದರ್ಥ. ಮರಳಿನಂತೆ ಗಟ್ಟಿಯಾಗಿದ್ದರೆ ನೀರು ಸಾಲದು. ನೂರರಲ್ಲಿ 95 ತುಂಬಿರಬೇಕು. ಅವಳ ಬೆರಳಿಗೆ ಸಿಗುವ ಲೆಕ್ಕ ನನ್ನ ಬೆರಳಿಗೆ ಸಿಗುವುದಿಲ್ಲ, ಏಕೋ ತಿಳಿಯದು.

ಕಳೆದ ಬ್ಯಾಚಿನಲ್ಲಿ ಗಾಡಿ ಬಂದದ್ದು ರಾತ್ರಿ ಎರಡಕ್ಕೆ. "ಬೆಳಗಾಗಲಿ ಅಣ್ಣ, ಪೆಟ್ಟಿಗೆಯಲ್ಲೇ ಇರಲಿ" ಎಂದು ಸೂಪರ್‌ವೈಸರ್ ಹುಡುಗ ಆಕಳಿಸಿದ. ನಾನು ಕಾಗದ ಹಾಸತೊಡಗಿದ್ದೆ. ಸ್ವಲ್ಪ ಹೊತ್ತು ನಿಂತು ನೋಡಿ, ಅವನೂ ಅಂಗಿಯ ತೋಳು ಮಡಚಿಕೊಂಡು ಪೆಟ್ಟಿಗೆ ಇಳಿಸತೊಡಗಿದ.