ಬಳ್ಳಾರಿ ಬಿಸಿಲು, ಬಿಡಿಎನ್‌ಎಫ್ ಮತ್ತು ಇಲಿಯ ಹಸಿವು: ನನ್ನ ಅನುಭವ

"ನೋಡಮ್ಮಾ, ಬಳ್ಳಾರಿ ಬಿಸಿಲಿಗೆ ಮನುಷ್ಯರೇ ಊಟ ಬಿಡ್ತಾರೆ. ಇಲಿ ಬಿಟ್ಟರೆ ಅದರಲ್ಲೇನು ವಿಶೇಷ?" ಕೆಲಸ ಶುರು ಮಾಡಿದ ದಿನವೇ ವಿಭಾಗದ ಹಿರಿಯರೊಬ್ಬರು ಹೀಗಂದರು. ಎರಡೂವರೆ ವರ್ಷ ಆ ಮಾತು ನನ್ನ ತಲೆ ಕೊರೆಯಿತು. ಈಗ ಉತ್ತರ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಇಷ್ಟೇ. ವಿಸ್ಟಾರ್ ತಳಿಯ ಲ್ಯಾಬ್ ಇಲಿಯ ಮೆದುಳಿನ ಲ್ಯಾಟರಲ್ ವೆಂಟ್ರಿಕಲ್‌ಗೆ (ದ್ರವ ತುಂಬಿದ ಕುಹರ) ಬಿಡಿಎನ್‌ಎಫ್ ಅನ್ನುವ ಮೆದುಳಿನ ಪ್ರೋಟೀನ್ ಕೊಡಬೇಕು. ರಾತ್ರಿ ಎಷ್ಟು ತಿನ್ನುತ್ತದೆ ಅಂತ ತೂಗಬೇಕು. ಆಮೇಲೆ ಮೆದುಳಿನಲ್ಲಿ ಹಸಿವು ನೋಡಿಕೊಳ್ಳುವ ಹೈಪೋಥಲಾಮಸ್‌ನ ಪಿವಿಎನ್ ಅನ್ನುವ ಭಾಗದಲ್ಲಿ, ಹಸಿವು ತಗ್ಗಿಸುವ ಸಿಆರ್‌ಎಚ್ ಹಾರ್ಮೋನ್ ಏರಿದೆಯಾ ನೋಡಬೇಕು. ಬಿಡಿಎನ್‌ಎಫ್ ಸಿಆರ್‌ಎಚ್ ಮೂಲಕ ಹಸಿವು ತಗ್ಗಿಸುವ ಈ ದಾರಿ ಹೊಸದಲ್ಲ, 2010ರಲ್ಲೇ ವರದಿಯಾಗಿದೆ. ಬಿಡಿಎನ್‌ಎಫ್ ಜೀನ್ ಅರ್ಧ ಮಾತ್ರ ಕೆಲಸ ಮಾಡುವ ಚಿಕ್ಕಿಲಿಗಳು (ಮೌಸ್) ಜಾಸ್ತಿ ತಿಂದು ದಪ್ಪ ಆಗುತ್ತವೆ ಅನ್ನುವುದು 1999ರಿಂದಲೇ ಗೊತ್ತು. ನಮ್ಮಂಥ ಊರಿನ ಲ್ಯಾಬ್‌ನಲ್ಲಿ ಇದು ಕಾಣುತ್ತದಾ ಅನ್ನುವುದೇ ಜನರ ಅನುಮಾನ. ಪ್ರಾಣಿ ಪ್ರಯೋಗ ಸಮಿತಿಯ ಅನುಮತಿಗೇ ಆರೇಳು ತಿಂಗಳು ಹೋಯಿತು.

ಮೊದಲ ಸಲ ಹಿರಿಯರ ಮಾತೇ ನಿಜವಾಯಿತು. ಏಪ್ರಿಲ್‌ನಲ್ಲಿ ಇಲಿ ಕೋಣೆ 36 ಡಿಗ್ರಿ. ದಿನಕ್ಕೆ 20 ಗ್ರಾಂ ತಿನ್ನಬೇಕಾದ ಇಲಿಗಳು 13, 14ಕ್ಕೆ ಇಳಿದಿದ್ದವು. ಮೊದಲೇ ಇಳಿದದ್ದು ಇನ್ನೆಷ್ಟು ಇಳಿಯುತ್ತದೆ? ಎಂಟು ಇಲಿ ದಂಡ. ಒಂದೂವರೆ ಟನ್‌ನ ಎಸಿ, ಇನ್ವರ್ಟರ್ ಎರಡೂ ಸೇರಿ ಎಂಬತ್ತು ಸಾವಿರದ ಹತ್ತಿರ ಆಯಿತು. ಅರ್ಧ ನನ್ನ ಸಂಬಳದ್ದು. ಕೋಣೆ 24ಕ್ಕೆ ಬಂದ ಮೇಲೂ ಎರಡು ವಾರ ಸುಮ್ನೆ ಕಾದೆ. ತಿನ್ನುವುದು 20ಕ್ಕೆ ಬಂತು.

ಆಮೇಲೂ ಏನೂ ಇಲ್ಲ. ಬಿಡಿಎನ್‌ಎಫ್ ಕೊಟ್ಟರೂ ಅಷ್ಟೇ, ಸಲೈನ್ ಕೊಟ್ಟರೂ ಅಷ್ಟೇ. 10 ಮೈಕ್ರೋಗ್ರಾಂ ವೈಲ್‌ಗೆ ಆಗ ಇಪ್ಪತ್ತೇಳೋ ಇಪ್ಪತ್ತೆಂಟೋ ಸಾವಿರ. ಮೂರು ವೈಲ್ ಮುಗಿದ ಮೇಲೆ ತಪ್ಪು ಹೊಳೆಯಿತು. ಈ ಪ್ರೋಟೀನ್ ಪ್ಲಾಸ್ಟಿಕ್‌ಗೂ ಗಾಜಿಗೂ ಅಂಟಿಕೊಳ್ಳುತ್ತದೆ. ನಾನು ಬರೀ ಸಲೈನ್‌ನಲ್ಲಿ ಕರಗಿಸಿದ್ದೆ. ನನ್ನ ದುಡ್ಡೆಲ್ಲ ಟ್ಯೂಬಿನ ಗೋಡೆಗೆ ಹೋಗಿತ್ತು, ಇಲಿಗಲ್ಲ. 0.1 ಪರ್ಸೆಂಟ್ ಆಲ್ಬುಮಿನ್ ಹಾಕಿದೆ, ಬಿಡಿಎನ್‌ಎಫ್ ಕೊಡದ ಕಂಟ್ರೋಲ್ ಗುಂಪಿಗೂ ಆಲ್ಬುಮಿನ್ ಹಾಕಿದ ಸಲೈನನ್ನೇ ಕೊಟ್ಟೆ. ಕರಗಿಸಿದ ದಿನವೇ ಸಣ್ಣ ಸಣ್ಣ ಪಾಲು ಮಾಡಿ ಫ್ರೀಜ್ ಮಾಡಿದೆ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜ್ ಮಾಡಲಿಲ್ಲ.

ಮೆದುಳಿಗೆ ಮದ್ದು ಕೊಡುವ ಸಣ್ಣ ಕೊಳವೆ, ಅಂದರೆ ಕ್ಯಾನುಲಾ, ಸರಿಯಾಗಿ ಕೂತಿದೆಯಾ ಅಂತ ನೋಡಲು ಬಾಯಾರಿಕೆ ತರಿಸುವ ಆಂಜಿಯೋಟೆನ್ಸಿನ್ ಕೊಡುತ್ತೇವಲ್ಲ (ಸರಿ ಕೂತಿದ್ದರೆ ಇಲಿ ನೀರು ಕುಡಿಯುತ್ತದೆ), ಅದನ್ನು ಬೆಳಗಿನ ಜಾವ ಮಾಡಿ. ನಮ್ಮಲ್ಲಿ ಮಧ್ಯಾಹ್ನ ಎಸಿ ಸ್ವಲ್ಪ ಹೊತ್ತು ನಿಂತರೂ ಸಾಕು, ಎಲ್ಲ ಇಲಿಗಳೂ ನೀರು ಕುಡಿಯುತ್ತವೆ. ಯಾವುದಕ್ಕೆ ಕುಡಿದವು ಅಂತ ತಿಳಿಯುವುದಿಲ್ಲ. ಕುಡಿಯದ ಇಲಿಯನ್ನು ಲೆಕ್ಕದಿಂದ ತೆಗೆದೆ, ಹತ್ತಕ್ಕೆ ಎರಡು ಮೂರು ಹೋದವು. ಬಿಸಿಗೆ, ಕ್ಯಾನುಲಾವನ್ನು ತಲೆಬುರುಡೆಗೆ ಅಂಟಿಸುವ ಡೆಂಟಲ್ ಸಿಮೆಂಟ್ ಬೇಗ ಗಟ್ಟಿಯಾಗುವುದು ಇನ್ನೊಂದು ಕಾಟ. ಅದಕ್ಕೆ ನಾನೊಂದು ಉಪಾಯ ಕಂಡುಕೊಂಡಿದ್ದೇನೆ. ಸದ್ಯಕ್ಕೆ ಅದು ನನಗೆ ಮತ್ತು ನನ್ನ ವಿದ್ಯಾರ್ಥಿಗಳಿಗೆ ಮಾತ್ರ. ಡೋಸ್ ಕೂಡ ಪೇಪರ್ ಬರುವ ತನಕ ಹೇಳುವುದಿಲ್ಲ.

ಈ ಸಲ ಬಿಡಿಎನ್‌ಎಫ್ ಕೊಟ್ಟ ಮೇಲೆ ಮೊದಲ ಒಂದೆರಡು ಗಂಟೆ ಏನೂ ಕಾಣಲಿಲ್ಲ. ಬೆಳಿಗ್ಗೆ ತೂಗಿದಾಗ ಕಂಟ್ರೋಲ್ 19, 20 ಗ್ರಾಂ, ಬಿಡಿಎನ್‌ಎಫ್ ಗುಂಪು 13ರ ಆಸುಪಾಸು. ಅಟೆಂಡರ್ ಅಣ್ಣ ಮೂರು ಸಲ ತೂಗಿ, "ತಕ್ಕಡಿ ಸರಿ ಇದೆ ಮೇಡಂ" ಅಂದರು.

ಹಿರಿಯರು ಒಪ್ಪಲಿಲ್ಲ. "ಇಲಿಗೆ ಹುಷಾರಿಲ್ಲ, ಅದಕ್ಕೇ ತಿಂದಿಲ್ಲ" ಅಂದರು. ನ್ಯಾಯವಾದ ಮಾತೇ. ಇಲಿಗೆ ವಾಂತಿ ಬರುವುದಿಲ್ಲ, ಹೊಟ್ಟೆ ತೊಳಸಿದರೆ ಮಣ್ಣು ತಿನ್ನುತ್ತದೆ. ಪಂಜರದಲ್ಲಿ ಕೆಯೋಲಿನ್ ಜೇಡಿಮಣ್ಣಿನ ಉಂಡೆ ಇಟ್ಟೆ. ಹೊಟ್ಟೆ ತೊಳಸುವ ಲಿಥಿಯಂ ಕ್ಲೋರೈಡ್ ಕೊಟ್ಟ ಇಲಿಗಳು ಕೆರೆದು ಕೆರೆದು ತಿಂದವು. ಬಿಡಿಎನ್‌ಎಫ್ ಇಲಿಗಳು ಮೂಸಿ ಬಿಟ್ಟವು. ಇಷ್ಟು ಅಗ್ಗದ ಪರೀಕ್ಷೆಯನ್ನು ಎಷ್ಟೋ ಜನ ಮಾಡುವುದೇ ಇಲ್ಲ!

ಸಿಆರ್‌ಎಚ್ ಅಳೆಯುವಾಗ ಮೂರನೇ ಗುಂಪು ಬೇಕೇ ಬೇಕು. ಬಿಡಿಎನ್‌ಎಫ್ ಕೊಡದೆ, ಬಿಡಿಎನ್‌ಎಫ್ ಇಲಿ ತಿಂದಷ್ಟೇ ಊಟ ತೂಗಿ ಹಾಕಿದ ಗುಂಪು. ಊಟ ಕಡಿಮೆಯಾದರೆ ಪಿವಿಎನ್‌ನಲ್ಲಿ ಸಿಆರ್‌ಎಚ್ ಇಳಿಯುತ್ತದೆ, ಅದು ದೇಹ ಶಕ್ತಿ ಉಳಿಸಿಕೊಳ್ಳುವ ರೀತಿ. ನಮ್ಮಲ್ಲೂ ಆ ಗುಂಪಿನಲ್ಲಿ ಇಳಿದಿತ್ತು. ಅಷ್ಟೇ ತಿಂದ ಬಿಡಿಎನ್‌ಎಫ್ ಗುಂಪಿನಲ್ಲಿ ಹೆಚ್ಚು ಕಡಿಮೆ ಒಂದೂವರೆ ಪಟ್ಟು ಏರಿತ್ತು. ಹಸಿದ ಮೆದುಳು ಹೀಗೆ ಮಾಡುವುದಿಲ್ಲ ಅಲ್ವಾ? ಹಿರಿಯರು ಆ ಗ್ರಾಫನ್ನು ತುಂಬಾ ಹೊತ್ತು ನೋಡಿ, "ಕುತ್ಕೋಮ್ಮಾ, ಮತ್ತೊಂದ್ಸಲ ಹೇಳು" ಅಂದರು.

ಸಿಆರ್‌ಎಚ್ ಅಳತೆ ಆದದ್ದು ಬೆಂಗಳೂರಿನಲ್ಲಿ, ಮೆದುಳಿನ ತುಂಡುಗಳ ಆರ್‌ಎನ್‌ಎಯಿಂದ. ಮೊದಲ ಬ್ಯಾಚ್ ಡ್ರೈ ಐಸ್‌ನಲ್ಲಿ ಕಳಿಸಿದೆ, ಕೊರಿಯರ್ ಎರಡು ದಿನ ತಡ, ಆರ್‌ಎನ್‌ಎ ಪೂರ್ತಿ ಹಾಳು. ಆರು ಇಲಿಗಳ ಜೀವ ವ್ಯರ್ಥವಾಯಿತು ಅಂತ ಅವತ್ತು ನಿದ್ದೆ ಬರಲಿಲ್ಲ. ಎರಡನೇ ಸಲ ಆರ್‌ಎನ್‌ಎ ಲೇಟರ್ ಅನ್ನುವ, ಆರ್‌ಎನ್‌ಎ ಕೆಡದಂತೆ ಕಾಯುವ ದ್ರಾವಣದಲ್ಲಿ ಮುಳುಗಿಸಿ, ಥರ್ಮಾಕೋಲ್ ಡಬ್ಬಿ ಮಡಿಲಲ್ಲಿಟ್ಟುಕೊಂಡು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ನಾನೇ ಹೋದೆ.

ನಡುವೆ ಸುಮ್ನೆ ಒಂದು ಕುತೂಹಲ. ಬಿಡಿಎನ್‌ಎಫ್ ಕೊಟ್ಟ ಮೂರು ಇಲಿಗೆ ದಿನದ ಒಣ ಆಹಾರದ ಪೆಲೆಟ್ ಜೊತೆ ಹುರಿದ ಶೇಂಗಾ ಇಟ್ಟೆ. ಪೆಲೆಟ್ ಬಿಟ್ಟವು, ಶೇಂಗಾ ಮಾತ್ರ ಖಾಲಿ! ಮೂರೇ ಇಲಿ, ಏನೂ ಹೇಳಲಾಗದು. ಆದರೆ ರುಚಿಯ ಹಸಿವು, ಹೊಟ್ಟೆಯ ಹಸಿವು ಬೇರೆ ಬೇರೆ ದಾರಿ ಹಿಡಿಯುತ್ತವಾ ಅಂತ ನೋಡಲೇಬೇಕು.

ಒಟ್ಟು ಖರ್ಚು ನಾಲ್ಕೂವರೆ ಲಕ್ಷ ದಾಟಿದೆ. ಉಪವಾಸದಲ್ಲಿ ಹೈಪೋಥಲಾಮಸ್‌ನ ಇನ್ನೊಂದು ಭಾಗವಾದ ವಿಎಂಎಚ್‌ನ ಬಿಡಿಎನ್‌ಎಫ್ ಇಳಿಯುವುದನ್ನು ನಮ್ಮ ಇಲಿಗಳಲ್ಲೇ ಅಳೆಯುವುದು ಮುಂದಿನ ಕೆಲಸ. ಪ್ರೋಟೀನ್ ಅಳೆಯುವ ಒಂದು ಎಲೈಸಾ ಪ್ಲೇಟ್‌ಗೆ ನಲವತ್ತೈದು ಸಾವಿರ ಕೇಳುತ್ತಿದ್ದಾರೆ. ದುಡ್ಡು ಹೊಂದಿದರೆ ನವೆಂಬರ್‌ನಲ್ಲಿ, ಬಿಸಿಲು ಇಳಿದ ಮೇಲೆ, ಶುರು.