ವಿದ್ಯಾರ್ಥಿ ಮೊದಲು ಹೇಳಲಿ: ವಾರ್ಡ್‌ನಲ್ಲಿ ಕಲಿಸಿದ ನನ್ನ ಅನುಭವ

ಒಳ್ಳೆ ಸ್ಟಾಫ್ ನರ್ಸ್ ಆಗಿದ್ದರೆ ಕಲಿಸುವುದು ತಾನಾಗಿ ಬರುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಬರುವುದಿಲ್ಲ. ಕೈಗೆ ರೂಢಿಯಾದ ಕೆಲಸವನ್ನು ಬಿಡಿಸಿ ಹೇಳುವುದೇ ಬೇರೆ ವಿದ್ಯೆ. ನಾನು ಅದನ್ನು ಕಲಿತದ್ದು ಮೆಡಿಕಲ್ ವಾರ್ಡ್‌ಗೆ ಪೋಸ್ಟಿಂಗ್ ಬರುವ ಬಿಎಸ್ಸಿ ನರ್ಸಿಂಗ್ ಮಕ್ಕಳ ಜೊತೆ.

ಪ್ರೊಸೀಜರ್, ಅಂದರೆ ರೋಗಿಗೆ ಮಾಡುವ ಕೈಕೆಲಸ, ಕಲಿಸಲು ವೈದ್ಯಶಿಕ್ಷಣದಲ್ಲಿ ಹೆಸರಾದ ಪೇಟನ್ ಅವರ ನಾಲ್ಕು ಹೆಜ್ಜೆಯ ಕ್ರಮ ಹಿಡಿದೆ. ಬಿಪಿಯನ್ನೇ ತಗೊಳ್ಳಿ. ಮೊದಲು ಮಾತಿಲ್ಲದೆ, ಮಾಮೂಲಿ ವೇಗದಲ್ಲಿ ಮಾಡಿ ತೋರಿಸುತ್ತೇನೆ. ಎರಡನೇ ಸಲ ನಿಧಾನವಾಗಿ, ಪ್ರತಿಯೊಂದಕ್ಕೂ ಕಾರಣ ಹೇಳುತ್ತಾ: ತೋಳಿಗೆ ಸುತ್ತುವ ಕಫ್ ಹೃದಯದ ಮಟ್ಟಕ್ಕೆ ಯಾಕಿರಬೇಕು, ಸ್ಟೆತ್ ಇಡುವ ಮುಂಚೆ ನಾಡಿ ಹಿಡಿದು ಸಿಸ್ಟೋಲಿಕ್ (ಮೇಲಿನ ಅಂಕಿ) ಯಾಕೆ ಅಂದಾಜು ಮಾಡಬೇಕು, ಒತ್ತಡವನ್ನು ಸೆಕೆಂಡಿಗೆ 2–3 ಮಿಲಿಮೀಟರಿನಷ್ಟೇ ಯಾಕೆ ಇಳಿಸಬೇಕು. ಮೂರನೇ ಸಲ ಅವರು ಹೇಳುತ್ತಾ ಹೋಗಬೇಕು, ನಾನು ಹೇಳಿದಷ್ಟೇ ಮಾಡುತ್ತೇನೆ. ಸಮಯವಿಲ್ಲ ಅಂತ ಬಹಳ ಜನ ಇದನ್ನೇ ಹಾರಿಸುತ್ತಾರೆ, ಆದರೆ ಯಾರಿಗೆ ಎಲ್ಲಿ ತಿಳಿದಿಲ್ಲ ಅಂತ ಗೊತ್ತಾಗುವುದು ಇಲ್ಲೇ, ಅದೂ ರೋಗಿಯ ಮೈ ಮುಟ್ಟುವ ಮುಂಚೆ. ಈ ಮೂರೂ ಸಹಪಾಠಿಯ ಕೈ ಮೇಲೆ. ನಾಲ್ಕನೆಯದು ಅವರೇ ಮಾಡುವುದು, ರೋಗಿ ಒಪ್ಪಿದ ಮೇಲೆ.

ಯೋಚನೆ ಕಲಿಸುವುದು ಇನ್ನೂ ಕಷ್ಟ. ಅದಕ್ಕೆ 1992ರಲ್ಲಿ ನೇಹರ್ ಮತ್ತು ಸಂಗಡಿಗರು ಬರೆದ 'ಒನ್ ಮಿನಿಟ್ ಪ್ರಿಸೆಪ್ಟರ್' ಕ್ರಮ ನನಗೆ ತುಂಬಾ ಒಗ್ಗಿತು: ಮೊದಲು ವಿದ್ಯಾರ್ಥಿಯ ಅಭಿಪ್ರಾಯ ಕೇಳಿ, ಅದಕ್ಕೆ ಕಾರಣ ಕೇಳಿ, ಆಮೇಲಷ್ಟೇ ನಾವು ಹೇಳುವುದು. ಒಬ್ಬ ಹುಡುಗಿ ಅಜ್ಜಿಯೊಬ್ಬರ ಬಿಪಿ ನೋಡಿ 168/94 ಅಂದಳು.

"ನಿನಗೇನನ್ನಿಸುತ್ತೆ?"

"ಜಾಸ್ತಿ ಇದೆ ಮೇಡಂ."

"ಇದನ್ನೇ ಬರೆಯೋಣವಾ? ಯಾಕೆ?"

ನಾನು ಸುಮ್ನೆ ನಿಂತೆ. ಆ ಮೌನ ತಡೆದುಕೊಳ್ಳುವುದೇ ದೊಡ್ಡ ಕೆಲಸ, ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ ಅಲ್ವಾ. ಅವಳು ಅಜ್ಜಿಯ ಕಡೆ ನೋಡಿದಳು. "ಈಗಷ್ಟೇ ಬಾತ್‌ರೂಮಿಂದ ನಡೆದು ಬಂದ್ರು ಮೇಡಂ, ನೋಡುವಾಗ ಮಾತೂ ಆಡ್ತಿದ್ರು. ಐದು ನಿಮಿಷ ಬಿಟ್ಟು ಮತ್ತೆ ನೋಡ್ಲಾ?"

ಆಮೇಲೆ ಹೇಳಬೇಕಾದ್ದು ಒಂದೇ ನಿಯಮ, ಒಂದು ಮೆಚ್ಚುಗೆ, ಒಂದು ತಿದ್ದುಪಡಿ. ಮೆಚ್ಚುಗೆ ಬರೀ 'ಗುಡ್' ಆಗಬಾರದು. "ಸಂಖ್ಯೆ ಬಿಟ್ಟು ರೋಗಿಯನ್ನು ನೋಡಿದೆ, ಅದು ಸರಿ" ಅಂತ ಬಿಡಿಸಿ ಹೇಳಬೇಕು. ತಿದ್ದುವುದು ನರ್ಸಿಂಗ್ ಸ್ಟೇಷನ್ ಹತ್ತಿರ, ರೋಗಿಯ ಎದುರಲ್ಲ. ಸಿರಿಂಜಿನಲ್ಲಿ ಬೇರೆ ಔಷಧಿ ಇದ್ದರೆ ಮಾತ್ರ ಅಲ್ಲೇ, ಆ ಕ್ಷಣವೇ ಕೈ ಹಿಡಿದು ನಿಲ್ಲಿಸುತ್ತೇನೆ.

ಇನ್ನು ಪ್ರೊಸೀಜರ್ ಬುಕ್, ಅಂದರೆ ವಿದ್ಯಾರ್ಥಿ ಮಾಡಿದ ಪ್ರೊಸೀಜರ್‌ಗಳನ್ನು ಬರೆದು ಸಹಿ ಹಾಕಿಸುವ ಪುಸ್ತಕ. ಪೋಸ್ಟಿಂಗ್ ಮುಗಿಯುವ ದಿನ ಎಲ್ಲರೂ ಸಹಿಗೆ ಸಾಲು ನಿಲ್ಲುತ್ತಾರೆ. ಕಣ್ಣಾರೆ ಕಂಡದ್ದಕ್ಕಷ್ಟೇ ಸಹಿ ಹಾಕುತ್ತೇನೆ, ಉಳಿದದ್ದಕ್ಕೆ ಮತ್ತೆ ವಾರ್ಡ್‌ಗೆ ಬರಲು ದಿನ ಕೊಡುತ್ತೇನೆ.